ಮಲ್ಲಿತಮ್ಮ ಒಬ್ಬನೋ, ಇಬ್ಬರೋ?

ನಾಲ್ಕು ವರ್ಷದ ಹಿಂದೆ ನಮ್ಮಪ್ಪನ ಪಿಂಚಣಿ ಏಕಾಏಕಿ ನಿಂತುಹೋಯಿತು. ಒಂದು ತಿಂಗಳು ಕಾದೆವು. ಎರಡನೇ ತಿಂಗಳೂ ಬರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿದ್ದ ಗುಮಾಸ್ತರು ಕಡತ ನೋಡಿದರು, ಅಪ್ಪನ ಮುಖ ನೋಡಿದರು, ಮತ್ತೆ ಕಡತ ನೋಡಿದರು. "ಇವರು ತೀರಿಕೊಂಡಿದ್ದಾರಲ್ಲ ಸಾರ್" ಅಂದರು.

ಆಗಿದ್ದು ಇಷ್ಟೇ. ಅದೇ ಹೆಸರು, ಅದೇ ಇನಿಶಿಯಲ್ಲು, ಅದೇ ತಾಲ್ಲೂಕು, ಅದೇ ಇಲಾಖೆಯಿಂದ ನಿವೃತ್ತರಾದ ಇನ್ನೊಬ್ಬರಿದ್ದರು. ಅಪ್ಪ ಓವರ್‌ಸಿಯರ್ ಆಗಿದ್ದವರು, ಅವರು ಜೀಪ್ ಡ್ರೈವರ್ ಆಗಿದ್ದವರು. ತೀರಿಕೊಂಡದ್ದು ಅವರು. ಕಡತ ಮುಚ್ಚಿದ್ದು ಅಪ್ಪನದು. ನನಗೆ ಸಿಟ್ಟು ಬಂದು ಜೋರಾಗಿ ಮಾತಾಡೋಕೆ ಶುರುಮಾಡಿದೆ. ಅಪ್ಪ ಮಾತ್ರ ಕುರ್ಚಿಯಲ್ಲಿ ಹಾಗೇ ಕೂತು, "ಅಯ್ಯೋ ಪಾಪ, ಯಾವಾಗ ಹೋದ ಅವನು?" ಅಂತ ಕೇಳಿದರು. ಆ ಕಥೆ ಹೇಗೆ ಮುಗೀತು ಅಂತ ಕೊನೆಗೆ ಹೇಳ್ತೀನಿ. ಯಾಕಂದರೆ ಅದೇ ವರ್ಷ ನಾನೂ ಅಂಥದ್ದೇ ಒಂದು ತಪ್ಪು ಮಾಡಿದ್ದೆ. ನಾನು ಒಂದೇ ಕಡತದಲ್ಲಿ ಹಾಕಿದ್ದು ಎಂಟುನೂರು ವರ್ಷ ಹಿಂದಿನ ಒಬ್ಬ ರೂವಾರಿಯನ್ನು.

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹತ್ತಿಪ್ಪತ್ತು ಜನ ಆಸಕ್ತರನ್ನು ಕರೆದುಕೊಂಡು ಹೋಗಿದ್ದೆ. ಜಗತಿಯ ಮೇಲೆ ಸುತ್ತು ಹಾಕುತ್ತಾ, ಶಿಲ್ಪಗಳ ಪೀಠದ ಮೇಲಿರುವ ಪುಟ್ಟ ಪುಟ್ಟ ರುಜುಗಳನ್ನು ತೋರಿಸುತ್ತಾ, ಎಲ್ಲರೂ ಹೇಳುವ ಮಾತನ್ನೇ ಹೇಳಿದೆ: "ಈ ಮಲ್ಲಿತಮ್ಮ ಅನ್ನೋನು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿ ಹಿಡಿದವನು. ಅಮೃತಾಪುರದಲ್ಲಿ ಶುರುಮಾಡಿ ಇಲ್ಲಿ ಮುಗಿಸಿದ." ಜನ ತಲೆದೂಗಿದರು. ಗುಂಪಿನಲ್ಲಿ ಅಪ್ಪನ ಜೊತೆ ಬಂದಿದ್ದ ಹೈಸ್ಕೂಲ್ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: "ಅಂಕಲ್, ಹಾಗಾದ್ರೆ ಇದನ್ನ ಕೆತ್ತುವಾಗ ಅವನಿಗೆ ಎಷ್ಟು ವಯಸ್ಸು?"

ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಹಾಕಿ ಸುಮ್ಮನಾದೆ.

ಲೆಕ್ಕ ನೀವೂ ಹಾಕಿ ನೋಡಿ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವನ್ನು ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಅಲ್ಲಿಯ ಮಂಟಪದ ಭುವನೇಶ್ವರಿಗಳ ಕೆಲಸದಲ್ಲಿ ಮಲ್ಲಿತಮ್ಮನ ಹೆಸರಿದೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ದೇವಾಲಯ 1235ರದ್ದು, ಅಲ್ಲೂ ಮಲ್ಲಿತಮ್ಮ. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಸುಮಾರು 1238, ಅಲ್ಲೂ ಅದೇ ಹೆಸರು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ 1246. ಅಲ್ಲಿ ಒಂದು ಮಗ್ಗುಲು ನಂದಿಯ ಬೈಚೋಜನದು, ಇನ್ನೊಂದು ಮಗ್ಗುಲು ಮಲ್ಲಿತಮ್ಮನದು. ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿ 13ನೇ ಶತಮಾನದ ನಡುಭಾಗದ್ದು, ಅಲ್ಲೂ ಮಲ್ಲಿತಮ್ಮ. ಕೊನೆಗೆ ಸೋಮನಾಥಪುರ. ಇದರ ಪ್ರತಿಷ್ಠೆಗೆ ಪುಸ್ತಕಗಳಲ್ಲಿ 1258 ಮತ್ತು 1268 ಎರಡೂ ವರ್ಷ ಸಿಗುತ್ತವೆ. ಇಲ್ಲಿ ಹೊರಗೋಡೆಯ ದೊಡ್ಡ ಶಿಲ್ಪಗಳೇ 190ಕ್ಕೂ ಹೆಚ್ಚು. ಅವುಗಳಲ್ಲಿ 40ರಷ್ಟನ್ನು ಮಲ್ಲಿತಮ್ಮನದೆಂದು ಎಣಿಸುತ್ತಾರೆ. ಬೇರೆ ಯಾವ ರೂವಾರಿಗೂ ಅಷ್ಟು ಪಾಲಿಲ್ಲ.

ಅಮೃತಾಪುರದಲ್ಲಿ ಅವನಿಗೆ ಇಪ್ಪತ್ತು ವರ್ಷ ಅಂದುಕೊಳ್ಳಿ. ಭುವನೇಶ್ವರಿಯ ಕೆಲಸ ಕೊಟ್ಟಿದ್ದಾರೆ ಅಂದಮೇಲೆ ಅದಕ್ಕಿಂತ ಚಿಕ್ಕವನು ಅನ್ನೋದು ಕಷ್ಟ. ಹಾಗಾದರೆ ಸೋಮನಾಥಪುರದಲ್ಲಿ ಅವನಿಗೆ 82 ಆಗಿರಬೇಕು, ಇಲ್ಲವೇ 92. ಆ ವಯಸ್ಸಿನಲ್ಲಿ ಆಳೆತ್ತರದ ಗೋಡೆಯ ಪಕ್ಕ ನಿಂತೋ ಕೂತೋ ನಲವತ್ತು ದೇವತೆಗಳು, ಒಂದೊಂದರ ತಲೆ ಮೇಲೂ ಎಲೆಬಳ್ಳಿಯ ಪ್ರಭಾವಳಿ, ಒಂದೊಂದು ಕೈಗೂ ಬಳೆ, ಉಂಗುರ, ಉಗುರು. ಆಗಲ್ಲ ಅಂತ ಹೇಳೋಕಾಗಲ್ಲ. ನಮ್ಮೂರಿನಲ್ಲಿ ಎಂಬತ್ತು ದಾಟಿದ ಮೇಲೂ ಬಾಚಿ ಹಿಡಿಯುತ್ತಿದ್ದ ಬಡಗಿಯನ್ನು ನಾನೇ ನೋಡಿದ್ದೀನಿ. ಆದರೆ ಅವರ ಕೈಗೆ ಯಾರೂ ಊರಲ್ಲೇ ದೊಡ್ಡ ಪಾಲಿನ ಕೆಲಸ ಕೊಡುತ್ತಿರಲಿಲ್ಲ.

ಈ ಎಪ್ಪತ್ತು ವರ್ಷದಲ್ಲಿ ಹೊಯ್ಸಳ ಸಿಂಹಾಸನದ ಮೇಲೆ ನಾಲ್ವರು ಬಂದರು: ಇಮ್ಮಡಿ ಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮುಮ್ಮಡಿ ನರಸಿಂಹ. ಮುತ್ತಜ್ಜನಿಂದ ಮರಿಮಗನವರೆಗೆ. ಇಲ್ಲಿ ಒಂದು ವಿಷಯ ಗಮನಿಸಿ. "ಇಮ್ಮಡಿ", "ಮುಮ್ಮಡಿ" ಅಂತ ಎಣಿಸಿ ಕರೆಯೋದು ಇತಿಹಾಸ ಬರೆಯುವ ನಮ್ಮ ಅನುಕೂಲಕ್ಕೆ. ಶಾಸನಗಳಲ್ಲಿ ಅಜ್ಜನೂ ವೀರನಾರಸಿಂಹ, ಮೊಮ್ಮಗನೂ ವೀರನಾರಸಿಂಹ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಅರಮನೆಯಲ್ಲಿತ್ತು, ಅಗ್ರಹಾರದಲ್ಲಿತ್ತು, ಶಿಲ್ಪಿಗಳ ಕೇರಿಯಲ್ಲೂ ಇತ್ತು. ರಾಜರಿಗೆ ನಾವು ನಂಬರ್ ಕೊಟ್ಟೆವು. ಏಕೆಂದರೆ ಅವರಿಗೆ ವಂಶಾವಳಿ ಇದೆ, ತೇದಿಗಳಿವೆ, ಗೊಂದಲವಾದರೆ ಪುಸ್ತಕ ನಿಲ್ಲೋದಿಲ್ಲ. ಶಿಲ್ಪಿಗೆ ಯಾರೂ ನಂಬರ್ ಕೊಡಲಿಲ್ಲ. ಹೆಸರು ಕಂಡಲ್ಲೆಲ್ಲ ಒಬ್ಬನೇ ಅಂದುಬಿಟ್ಟೆವು.

ಹಾಗಂತ ಒಂದೇ ಹೆಸರಿನವರನ್ನು ಬೇರೆ ಮಾಡೋದು ಸಾಧ್ಯವೇ ಇಲ್ಲ ಅಂತಲ್ಲ. ನಮ್ಮ ವಿದ್ವಾಂಸರು ಎಷ್ಟೋ ಜನರನ್ನು ಬಿಡಿಸಿ ಇಟ್ಟಿದ್ದಾರೆ. ಹೇಗೆ ಬಿಡಿಸಿದರು ಅಂತ ತಿಳಿದರೆ ಮಲ್ಲಿತಮ್ಮನ ಗಂಟು ಎಲ್ಲಿ ಬಿಗಿದಿದೆ ಅನ್ನೋದೂ ತಿಳಿಯುತ್ತೆ.

ಚಾವುಂಡರಾಯರನ್ನು ತೆಗೆದುಕೊಳ್ಳಿ. ಮೂವರು ಇದ್ದಾರೆ. ಮೊದಲನೆಯವನು ಎಲ್ಲರಿಗೂ ಗೊತ್ತು. ಗಂಗರ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿ, ಸೇನಾನಿ, 978ರಲ್ಲಿ ಮುಗಿದ ಚಾವುಂಡರಾಯಪುರಾಣದ ಕರ್ತೃ, ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನು. ಎರಡನೆಯವನು ಕಲ್ಯಾಣ ಚಾಳುಕ್ಯ ಜಯಸಿಂಹನ ಆಸ್ಥಾನದವನು. ಸುಮಾರು 1025ರಲ್ಲಿ ಲೋಕೋಪಕಾರ ಬರೆದ. ಮನೆ ಕಟ್ಟೋದು, ನೆಲದಡಿಯ ನೀರು ಪತ್ತೆ ಮಾಡೋದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದನಕರುಗಳ ಔಷಧಿ, ಹೀಗೆ ಸಂಸಾರಸ್ಥರಿಗೆ ಬೇಕಾದ್ದೆಲ್ಲ ಇರುವ ಪುಸ್ತಕ. ಮೂರನೆಯವನು ಚಾವುಂಡರಾಯರಸ, ಒಂದನೇ ಸೋಮೇಶ್ವರನ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದವನು. ಬಳ್ಳಿಗಾವೆಯಲ್ಲಿ ಈಗಲೂ ನಿಂತಿರುವ ಗಂಡಭೇರುಂಡದ ಕಂಬವನ್ನು 1047ರಲ್ಲಿ ನಿಲ್ಲಿಸಿದವನು ಇವನೇ.

ಒಬ್ಬ ಸೇನಾನಿ, ಒಬ್ಬ ಗ್ರಂಥಕರ್ತ, ಒಬ್ಬ ಮಂಡಲೇಶ್ವರ. ಹೆಸರು ಮಾತ್ರ ಒಂದೇ. ಮೊದಲನೆಯವನನ್ನು ಕಾಲವೇ ಬೇರೆ ಮಾಡುತ್ತದೆ, ರಾಜವಂಶವೂ ಬೇರೆ. ಎರಡನೆಯವನಿಗೂ ಮೂರನೆಯವನಿಗೂ ನಡುವೆ ಇರೋದು ಬರೀ ಇಪ್ಪತ್ತೆರಡು ವರ್ಷ, ರಾಜವಂಶವೂ ಒಂದೇ. ಸೋಮೇಶ್ವರ ಅನ್ನೋನು ಜಯಸಿಂಹನ ಮಗನೇ. ನನ್ನಂಥ ಅವಸರದವನ ಕೈಗೆ ಸಿಕ್ಕಿದ್ದರೆ "ಬಹುಮುಖ ಪ್ರತಿಭೆ, ಪುಸ್ತಕವನ್ನೂ ಬರೆದ, ನಾಡನ್ನೂ ಆಳಿದ" ಅಂತ ಒಂದು ಪೋಸ್ಟ್ ಬರೆದುಬಿಡುತ್ತಿದ್ದೆ! ಇಲ್ಲಿ ಕಾಪಾಡೋದು ಬಿರುದಾವಳಿ. ಬಳ್ಳಿಗಾವೆಯವನ ಹೆಸರಿನ ಹಿಂದೆ ಮುಂದೆ ಆಳುವವನ ಬಿರುದುಗಳು ಸಾಲಾಗಿ ನಿಂತಿವೆ. ಲೋಕೋಪಕಾರದವನು ತನ್ನನ್ನು ಪರಿಚಯಿಸಿಕೊಳ್ಳೋದು ಕವಿಯಾಗಿ.

ನಾಗವರ್ಮರ ವಿಷಯದಲ್ಲಿ ಹೀಗೆ ಬೇಗ ಬಗೆಹರಿಯಲಿಲ್ಲ. ಛಂದೋಂಬುಧಿ, ಕರ್ಣಾಟಕ ಕಾದಂಬರಿ ಒಬ್ಬನವು, 10ನೇ ಶತಮಾನದ ಕೊನೆಯವು. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶ ಇನ್ನೊಬ್ಬನವು, ಅವನ ನಂತರದವನವು. ಛಂದಸ್ಸು, ಅಲಂಕಾರ, ವ್ಯಾಕರಣ, ನಿಘಂಟು ಎಲ್ಲವೂ ಒಂದೇ ಕುಟುಂಬದ ವಿದ್ಯೆಗಳಲ್ಲವೇ? ಒಬ್ಬನೇ ಪಂಡಿತ ಬರೆದಿರಬೇಕು ಅನ್ನಿಸೋದು ಸಹಜ, ಮೊದಲಿಗೆ ಹಾಗೇ ಅಂದುಕೊಂಡಿದ್ದರು ಕೂಡ. ಚಾವುಂಡರಾಯರಲ್ಲಿ ಕಸುಬು ಬೇರೆ ಇದ್ದದ್ದು ನಮ್ಮನ್ನು ಎಚ್ಚರಿಸಿತು. ನಾಗವರ್ಮರಲ್ಲಿ ಕಸುಬು ಒಂದೇ ಆಗಿದ್ದು ದಾರಿ ತಪ್ಪಿಸಿತು. ಹೆಸರೂ ಒಂದೇ, ಕಸುಬೂ ಒಂದೇ ಆದಾಗಲೇ ಅಪಾಯ ಹೆಚ್ಚು. ಇದನ್ನು ನೆನಪಿಟ್ಟುಕೊಳ್ಳಿ, ಮಲ್ಲಿತಮ್ಮನ ಕಡೆ ಬರುವಾಗ ಬೇಕು.

ಉಲ್ಟಾ ಕೇಸೂ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, 8ನೇ ಶತಮಾನದ ನಡುವಿನದು. ಅಲ್ಲಿಯ ಶಾಸನದಲ್ಲಿ ಗುಂಡ ಅಂತ ಬರುತ್ತೆ, ಅನಿವಾರಿತಾಚಾರಿ ಅಂತ ಬರುತ್ತೆ, ತ್ರಿಭುವನಾಚಾರಿ ಅಂತಲೂ ಬರುತ್ತೆ. ಮೂವರಲ್ಲ, ಒಬ್ಬನೇ ಸೂತ್ರಧಾರಿ. ಗುಂಡ ಅವನ ಹೆಸರು, ಉಳಿದವು ಅವನಿಗೆ ಸಂದ ಗೌರವಗಳು. ಶಾಸನ ಪೂರ್ತಿ ಓದದೆ ಬರೀ ಹೆಸರುಗಳ ಪಟ್ಟಿ ಮಾಡಿದರೆ ಒಬ್ಬನನ್ನು ಮೂರು ಮಾಡಿಬಿಡ್ತೀವಿ. ಹೆಸರು ಒಂದಿದ್ದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗಬೇಕಿಲ್ಲ, ಹೆಸರು ಮೂರಿದ್ದ ಮಾತ್ರಕ್ಕೆ ಮೂವರೂ ಆಗಬೇಕಿಲ್ಲ.

ಹಾಗಾದರೆ ಯಾವುದನ್ನು ನೋಡಬೇಕು? ನನ್ನ ಪಟ್ಟಿಯಲ್ಲಿ ಐದು ಕಾಲಂ ಇಟ್ಟುಕೊಂಡಿದ್ದೀನಿ: ತಂದೆ ಅಥವಾ ಗುರುವಿನ ಹೆಸರು, ಊರು, ಬಿರುದು, ಒಡೆಯ, ತೇದಿ. ಹೆಸರು ಆರನೆಯದು. ಐದರಲ್ಲಿ ಕನಿಷ್ಠ ಎರಡಾದರೂ ಹೊಂದದೆ ಎರಡು ದಾಖಲೆಗಳನ್ನು ಒಬ್ಬನ ಲೆಕ್ಕಕ್ಕೆ ಸೇರಿಸೋದಿಲ್ಲ. ಇದೇನೂ ಪಂಡಿತರ ನಿಯಮ ಅಲ್ಲ, ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಲೆಕ್ಕ ಇಡೋನ ಅಭ್ಯಾಸ. ಹೆಸರು ಒಂದೇ ಇರುವ ಎರಡು ಬೋಲ್ಟುಗಳನ್ನು ಪಾರ್ಟ್ ನಂಬರ್ ನೋಡದೆ ನಾವು ಒಂದೇ ಡಬ್ಬಕ್ಕೆ ಹಾಕೋದಿಲ್ಲ.

ಈ ಕಾಲಂಗಳನ್ನು ತಾವೇ ತುಂಬಿಕೊಟ್ಟ ರೂವಾರಿಗಳೂ ಇದ್ದಾರೆ, ಪುಣ್ಯಾತ್ಮರು. ಬೇಲೂರಿಗೆ ಬನ್ನಿ. ವಿಷ್ಣುವರ್ಧನನ ಕಾಲದ, 1117ರ ದೇವಾಲಯ. ಅಲ್ಲಿಯ ಮದನಿಕೆಗಳ ಕೆಳಗೆ ದಾಸೋಜ ತನ್ನ ಊರು ಬಳ್ಳಿಗಾವೆ ಅಂತ ಹೇಳಿಕೊಳ್ಳುತ್ತಾನೆ. ಚಾವಣ ತಾನು ದಾಸೋಜನ ಮಗ ಅಂತ ಹೇಳಿಕೊಳ್ಳುತ್ತಾನೆ. ಎದುರಾಳಿ ಶಿಲ್ಪಿಗಳನ್ನು ಗೆಲ್ಲುವವನು ಎಂಬಂಥ ಬಿರುದುಗಳನ್ನೂ ಆ ಕಾಲದ ರೂವಾರಿಗಳು ಯುದ್ಧಕ್ಕೆ ಹೊರಟವರ ಹಾಗೆ ಹಾಕಿಕೊಳ್ಳುತ್ತಿದ್ದರು. ಓದುವಾಗ ನಗು ಬರುತ್ತೆ. ಆದರೆ ಆ ಜಂಭದಿಂದಲೇ ಇವತ್ತು ಅಪ್ಪ ಯಾರು, ಮಗ ಯಾರು, ಯಾರ ಕೆಲಸ ಯಾವುದು ಅಂತ ಬೇರೆ ಮಾಡೋಕೆ ನಮಗೆ ಆಗ್ತಿದೆ.

ಮಲ್ಲಿತಮ್ಮ ಜಂಭದವನಲ್ಲ. ಅವನ ರುಜು ಬಹಳ ಕಡೆ ಬರೀ ಹೆಸರು. ಕೆಲವು ಕಡೆ ಅದೂ ಪೂರ್ತಿ ಇಲ್ಲ, "ಮಲ್ಲಿ" ಅಂತ ಮಾತ್ರ. ಇನ್ನೂ ಕೆಲವು ಕಡೆ ಒಂದೇ ಅಕ್ಷರ: "ಮ".

ಈ "ಮ" ನನ್ನನ್ನು ತುಂಬಾ ದಿನ ಕಾಡಿದೆ. ಸೋಮನಾಥಪುರದಲ್ಲಿ ರುಜು ಹಾಕಿದವರು ಇನ್ನೂ ಹಲವರಿದ್ದಾರೆ. ಚೌಡೆಯ ಇದ್ದಾನೆ, ನಂಜೆಯ ಇದ್ದಾನೆ. ಮಸಣಿತಮ್ಮ ಅಂತಲೂ ಒಬ್ಬ ಇದ್ದಾನೆ. ಮಸಣಿತಮ್ಮನ ಮೊದಲ ಅಕ್ಷರವೂ "ಮ" ತಾನೆ? ಹಾಗಿದ್ದಮೇಲೆ ಬರೀ "ಮ" ಇರುವ ಪೀಠವನ್ನು ಮಲ್ಲಿತಮ್ಮನ ಲೆಕ್ಕಕ್ಕೆ ಬರೆಯೋಕೆ ಆ ಅಕ್ಷರ ಒಂದೇ ಸಾಲದು. ಅವನು ಹೆಚ್ಚು ಪ್ರಸಿದ್ಧ, ಅದಕ್ಕೆ ಅವನದೇ ಇರಬೇಕು ಅಂತ ಬರೆದುಬಿಟ್ಟರೆ, ಮಸಣಿತಮ್ಮನ ಕೂಲಿಯನ್ನು ಎಂಟುನೂರು ವರ್ಷ ಆದಮೇಲೆ ನಾವು ಹಿಡಿದುಕೊಂಡ ಹಾಗೆ.

ಹೆಸರುಗಳನ್ನೇ ಸ್ವಲ್ಪ ನೋಡಿ: ಮಲ್ಲಿ-ತಮ್ಮ, ಮಸಣಿ-ತಮ್ಮ. ತಮ್ಮ ಅನ್ನೋದು ಸ್ವತಂತ್ರ ಹೆಸರು. ತಮ್ಮಯ್ಯ, ತಮ್ಮಣ್ಣ ಅಂತ ಇವತ್ತಿಗೂ ನಮ್ಮೂರುಗಳಲ್ಲಿ ಇದ್ದಾರೆ. ಒಂದೇ ಕೆಲಸದ ಜಾಗದಲ್ಲಿ ಇಬ್ಬರು ತಮ್ಮಂದಿರು ಇದ್ದು, ಗುರುತಿಗೆ ಅಂತ ಒಬ್ಬನನ್ನು ಮಲ್ಲಿತಮ್ಮ, ಇನ್ನೊಬ್ಬನನ್ನು ಮಸಣಿತಮ್ಮ ಅಂತ ಕರೆದಿರಬಹುದೇ? ಇದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ. ಒಂದೇ ಹೆಸರಿನ ತೊಂದರೆ ನಮಗೆ ಮಾತ್ರ ಅಲ್ಲ, ಅವರಿಗೂ ಇದ್ದಿರಬೇಕು, ಅವರೂ ಅದಕ್ಕೆ ಏನಾದರೂ ದಾರಿ ಹುಡುಕಿರಬೇಕು ಅಂತ ಯೋಚಿಸುವಾಗ ಹೊಳೆದದ್ದು.

ಈಗ ಮುಖ್ಯ ಪ್ರಶ್ನೆ. 1196ರಿಂದ 1258 ಅಥವಾ 1268ರವರೆಗೆ ಹರಡಿಕೊಂಡಿರುವ ಈ ಹೆಸರಿಗೆ ಮೂರು ವಿವರಣೆ ಸಾಧ್ಯ.

ಮೊದಲನೆಯದು, ಒಬ್ಬನೇ ಮಲ್ಲಿತಮ್ಮ, ದೀರ್ಘಾಯುಷಿ. ವಯಸ್ಸಿನ ಲೆಕ್ಕ ಮೇಲೆ ಕೊಟ್ಟಿದ್ದೀನಿ. ಅಸಾಧ್ಯವಲ್ಲ, ಆದರೆ ಭಾರ ಹೆಚ್ಚು.

ಎರಡನೆಯದು, ಮಲ್ಲಿತಮ್ಮ ಅನ್ನೋದು ಒಂದು ಕಾರ್ಖಾನೆಯ ಮುದ್ರೆ, ಅಂದರೆ ಗುರುವಿನ ಹೆಸರಿನಲ್ಲಿ ಶಿಷ್ಯರ ಕೆಲಸ. ಕೇಳೋಕೆ ಚೆನ್ನಾಗಿದೆ. ಆದರೆ ಸೋಮನಾಥಪುರದಲ್ಲೇ ಚೌಡೆಯ, ನಂಜೆಯ, ಮಸಣಿತಮ್ಮ ತಮ್ಮ ತಮ್ಮ ಹೆಸರನ್ನು ತಾವೇ ಹಾಕಿಕೊಂಡಿದ್ದಾರೆ. ಅಲ್ಲಿ ಕೈಗೊಂದು ಹೆಸರು ಅನ್ನೋ ಪದ್ಧತಿ ಇದ್ದ ಹಾಗಿದೆ. ನುಗ್ಗೇಹಳ್ಳಿಯಲ್ಲೂ ಆ ಮಗ್ಗುಲು ಅವನದು, ಈ ಮಗ್ಗುಲು ಇವನದು ಅಂತ ಪಾಲು ಮಾಡಿಕೊಂಡಿದ್ದಾರೆ. ಯಾರು ಎಷ್ಟು ಮಾಡಿದರು ಅಂತ ಲೆಕ್ಕ ಇಡೋಕೂ ರುಜು ಬೇಕಾಗಿರುತ್ತೆ. ಹಾಗಾಗಿ ಮಲ್ಲಿತಮ್ಮನ ಹೆಸರೊಂದನ್ನು ಮಾತ್ರ ಮುದ್ರೆ ಅನ್ನೋದು ನನಗೆ ಒಪ್ಪಿಗೆಯಾಗೋದಿಲ್ಲ.

ಮೂರನೆಯದು, ಇಬ್ಬರು ಮಲ್ಲಿತಮ್ಮರು. ಅಜ್ಜ-ಮೊಮ್ಮಗ ಇರಬಹುದು, ಸಂಬಂಧವೇ ಇಲ್ಲದವರೂ ಇರಬಹುದು. ಮೇಲಿನ ಊರುಗಳ ತೇದಿಗಳನ್ನು ಒಂದು ಗೆರೆ ಮೇಲೆ ಚುಕ್ಕಿ ಇಟ್ಟು ನೋಡಿ. 1235ರಿಂದ ಈಚೆಗೆ ಚುಕ್ಕಿಗಳು ಹತ್ತಿರ ಹತ್ತಿರ ಇವೆ: 1235, 1238, 1246, ಆಮೇಲೆ ಜಾವಗಲ್ಲು, ಸೋಮನಾಥಪುರ. ಒಬ್ಬ ಮನುಷ್ಯನ ವೃತ್ತಿಜೀವನದ ಅಳತೆಗೆ ಸರಿಯಾಗಿ ಕೂರುತ್ತೆ. ಈ ಸಾಲಿನಿಂದ ಮೂವತ್ತೊಂಬತ್ತು ವರ್ಷ ಆಚೆಗೆ, ಒಂಟಿಯಾಗಿ, ಅಮೃತಾಪುರದ ಚುಕ್ಕಿ.

ಆದರೆ ಗೆರೆ ಮೇಲಿನ ಚುಕ್ಕಿ ತೀರ್ಪಲ್ಲ. ನಡುವೆ 1210ಕ್ಕೋ 1220ಕ್ಕೋ ಸೇರುವ, ತೇದಿ ಗಟ್ಟಿಯಿರುವ ಒಂದು ರುಜು ಸಿಕ್ಕಿದರೆ ನನ್ನ ವಾದ ಬಿದ್ದುಹೋಗುತ್ತೆ. ಬೀಳಲಿ, ಸಂತೋಷವೇ.

"ಅಕ್ಷರದ ಮೋಡಿ ನೋಡಿ ಹೇಳಬಹುದಲ್ಲ, ಕೆತ್ತನೆಯ ಶೈಲಿ ನೋಡಿ ಹೇಳಬಹುದಲ್ಲ" ಅಂತ ಕೆಲವರು ಕೇಳಿದ್ದಾರೆ. ನಾನೂ ಹಾಗೇ ನಂಬಿದ್ದೆ, ನಮ್ಮ ಫ್ಯಾಕ್ಟರಿಯ ಡ್ರಾಯಿಂಗ್ ರೂಮಿನಲ್ಲಿ ಪಾಠ ಕಲಿಯುವವರೆಗೆ. ಹಳೇ ಡ್ರಾಯಿಂಗ್‌ಗಳ ಬಲಮೂಲೆಯಲ್ಲಿ, ಬರೆದವರ ಇನಿಶಿಯಲ್ ಹಾಕುವ ಜಾಗದಲ್ಲಿ, 1981ರಿಂದ 2009ರವರೆಗೆ ಒಂದೇ ಎರಡಕ್ಷರ. ಬಾಣದ ತುದಿ ಬಿಡಿಸುವ ರೀತಿ, ಅಂಕಿ ಬರೆಯುವ ರೀತಿ, ಎಲ್ಲ ಒಂದೇ ಕೈ. ಹೊಸದಾಗಿ ಸೇರಿದ ಟ್ರೈನಿಗಳಿಗೆ ಆ ಹಾಳೆಗಳನ್ನು ತೋರಿಸಿ "ನೋಡ್ರಪ್ಪಾ, ಒಬ್ಬ ಮನುಷ್ಯ ಇಪ್ಪತ್ತೆಂಟು ವರ್ಷ ಹೀಗೆ ಬರೆದಿದ್ದಾನೆ" ಅಂತ ಭಾಷಣ ಮಾಡ್ತಿದ್ದೆ. ಒಂದು ದಿನ ನಿವೃತ್ತ ಫೋರ್‌ಮನ್ ಒಬ್ಬರು ಬಂದಿದ್ದಾಗ ಕೇಳಿಸಿಕೊಂಡು ನಕ್ಕರು. "ಒಬ್ಬರಲ್ಲ ಸ್ವಾಮಿ, ಇಬ್ಬರು. ದೊಡ್ಡೋರು 93ರಲ್ಲಿ ರಿಟೈರ್ ಆದ್ರು. ಚಿಕ್ಕೋರು ಅದರ ಹಿಂದಿನ ವರ್ಷ ಸೇರಿದ್ರು. ಇನಿಶಿಯಲ್ ಒಂದೇ ಇತ್ತು ಅಂತ ನಾವೆಲ್ಲ ತಮಾಷೆ ಮಾಡ್ತಿದ್ವಿ. ಬಾಣ ಹಾಕೋದು ಚಿಕ್ಕೋರಿಗೆ ಕಲಿಸಿದ್ದೇ ದೊಡ್ಡೋರು."

ಗುರು ಕಲಿಸಿದ ಹಾಗೆ ಶಿಷ್ಯ ಬರೆದಾಗ ಕೈ ನೋಡಿ ಹೇಳೋದು ಕಷ್ಟ. ಒಂದೇ ಕೆಲಸಶಾಲೆಯಲ್ಲಿ ಬೆಳೆದ ಅಜ್ಜ ಮತ್ತು ಮೊಮ್ಮಗನ ಉಳಿಯಲ್ಲೂ ಅದೇ ಕಷ್ಟ. ಶೈಲಿ ಬೇರೆಯಾಗಿದ್ದರೆ ಅದಕ್ಕೆ ಬೆಲೆ ಇದೆ, ಆದರೆ ಶೈಲಿ ಒಂದೇ ಇದೆ ಅನ್ನೋದರಿಂದ ಮನುಷ್ಯ ಒಬ್ಬನೇ ಅಂತ ಆಗೋದಿಲ್ಲ. ಆ ಫೋರ್‌ಮನ್ ಬಂದಿರದಿದ್ದರೆ ಚಿಕ್ಕವರ ಹದಿನೈದಕ್ಕೂ ಹೆಚ್ಚು ವರ್ಷದ ದುಡಿಮೆ ನನ್ನ ಭಾಷಣದಲ್ಲಿ ಇವತ್ತಿಗೂ ದೊಡ್ಡವರ ಹೆಸರಲ್ಲೇ ಇರುತ್ತಿತ್ತು. ಮಲ್ಲಿತಮ್ಮನ ಪರವಾಗಿ ಬಂದು ಹೇಳೋಕೆ ಯಾವ ಫೋರ್‌ಮನ್ನೂ ಇಲ್ಲ.

ಅದಕ್ಕೇ ಈಗ ನನ್ನ ಪಟ್ಟಿಯಲ್ಲಿ ತಿದ್ದಿಕೊಂಡಿದ್ದೀನಿ. "ಮಲ್ಲಿತಮ್ಮ, ಅಮೃತಾಪುರ" ಅಂತ ಒಂದು ಸಾಲು. "ಮಲ್ಲಿತಮ್ಮ, ಹಾರನಹಳ್ಳಿಯಿಂದ ಸೋಮನಾಥಪುರ" ಅಂತ ಇನ್ನೊಂದು. "ಮ, ಸೋಮನಾಥಪುರ" ಅನ್ನೋದು ಮೂರನೇ ಸಾಲು, ಯಾರ ಲೆಕ್ಕಕ್ಕೂ ಹಾಕದೆ. ಎರಡು ಸಾಲನ್ನು ನಾಳೆ ಸೇರಿಸೋದು ಸುಲಭ, ಒಂದು ಸಾಕ್ಷಿ ಸಿಕ್ಕರೆ ಐದು ನಿಮಿಷದ ಕೆಲಸ. ಒಮ್ಮೆ ಸೇರಿಸಿಬಿಟ್ಟ ಇಬ್ಬರನ್ನು ಬಿಡಿಸೋದು ಮಾತ್ರ ಬಹಳ ಕಷ್ಟ. ಯಾಕಂದರೆ ಆಮೇಲೆ ಬರುವವರು ಇಬ್ಬರ ಕೆಲಸವನ್ನೂ ಒಬ್ಬನ ಕಥೆಯಾಗಿ ಹೇಳುತ್ತಾ ಹೋಗುತ್ತಾರೆ, ನಾನು ಆ ಹುಡುಗಿಯ ಮುಂದೆ ಹೇಳಿದ ಹಾಗೆ.

ಆ ದಾರಿಯ ಕೊನೆಯಲ್ಲಿ ಯಾರಿದ್ದಾರೆ ಗೊತ್ತಾ? ಜಕಣಾಚಾರಿ. ನಾಡಿನಲ್ಲಿ ಯಾವ ಹಳೇ ಗುಡಿ ತೋರಿಸಿದರೂ "ಜಕಣಾಚಾರಿ ಕೆತ್ತಿದ್ದು" ಅನ್ನುವವರು ಸಿಗುತ್ತಾರೆ. 1964ರಲ್ಲಿ ಬಂದ ಸಿನಿಮಾ ಆ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಕಥೆಯನ್ನು ಕಥೆಯಾಗಿ ನಾನೂ ಪ್ರೀತಿಸ್ತೀನಿ. ಆದರೆ ಬೇಲೂರಿನ ಮದನಿಕೆಗಳ ಕೆಳಗೆ ಓದೋಕೆ ಸಿಗೋದು ದಾಸೋಜ, ಚಾವಣ, ನಾಗೋಜರಂಥ ಹೆಸರುಗಳು. ಹೆಸರು ಕೆತ್ತಿಟ್ಟು ಹೋದವರ ಕೆಲಸವೆಲ್ಲ ಹೆಸರು ಕೆತ್ತದ ಒಬ್ಬನ ಪಾಲಿಗೆ ಹೋಯಿತು. ಮಲ್ಲಿತಮ್ಮನನ್ನು ಎರಡನೇ ಜಕಣಾಚಾರಿ ಮಾಡೋದು ಬೇಡ ಅನ್ನೋದಷ್ಟೇ ನನ್ನ ಕೋರಿಕೆ.

ಗೆಳೆಯರೇ, ಇದರಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. 13ನೇ ಶತಮಾನದ ಹೊಯ್ಸಳ ಗುಡಿಗಳಿಗೆ ಹೋದಾಗ ಶಿಲ್ಪದ ಮುಖದ ಜೊತೆಗೆ ಪೀಠದ ಫೋಟೋ ಕೂಡ ತೆಗೆಯಿರಿ. ಬೆಳಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ, ಸವೆದ ಅಕ್ಷರವೂ ಎದ್ದು ಕಾಣುತ್ತೆ. ಮಧ್ಯಾಹ್ನ ಏನೂ ಕಾಣೋದಿಲ್ಲ. ನೆರಳಿನ ಗೋಡೆಯಾದರೆ ಟಾರ್ಚನ್ನು ಪಕ್ಕದಿಂದ, ಗೋಡೆಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದರೆ ಅಕ್ಷರದ ಅಳತೆ ಸಿಗುತ್ತೆ. ಯಾವ ಗೋಡೆ, ಬಾಗಿಲಿನಿಂದ ಎಷ್ಟನೇ ಶಿಲ್ಪ ಅಂತ ಬರೆದಿಡಿ. ಸೀಮೆಸುಣ್ಣ, ಅರಿಶಿನ, ಹಿಟ್ಟು ಏನನ್ನೂ ದಯವಿಟ್ಟು ಹಚ್ಚಬೇಡಿ. ಬರೀ ಹೆಸರು ಕಂಡರೆ ಹೆಸರು ಅಂತ ಬರೆಯಿರಿ, ಬರೀ "ಮ" ಕಂಡರೆ "ಮ" ಅಂತಲೇ ಬರೆಯಿರಿ. ಪೂರ್ತಿ ಮಾಡೋಕೆ ಹೋಗಬೇಡಿ. ಹೆಸರಿನ ಜೊತೆ ಇಂಥವನ ಮಗ, ಇಂಥ ಊರಿನವನು ಅಂತ ಎರಡಕ್ಷರ ಹೆಚ್ಚಿಗೆ ಸಿಕ್ಕರೆ ಅದು ಚಿನ್ನ.

ಅಪ್ಪನ ಕಥೆ ಹೇಳ್ತೀನಿ ಅಂದಿದ್ದೆ. ಎರಡು ಪಿಂಚಣಿ ಕಡತಗಳ ನಂಬರ್ ಬೇರೆ ಬೇರೆ ಇತ್ತು. ಅದನ್ನು ತೋರಿಸಿ, ಲೈಫ್ ಸರ್ಟಿಫಿಕೇಟ್ ಕೊಟ್ಟು, "ನಾನು ಬದುಕಿದ್ದೇನೆ" ಅಂತ ಅಪ್ಪ ಸ್ವಂತ ಕೈಯಲ್ಲಿ ಅರ್ಜಿ ಬರೆದು, ನಾಲ್ಕು ಸಲ ಓಡಾಡಿದ ಮೇಲೆ ಕಡತ ಮತ್ತೆ ತೆರೆಯಿತು. ಆಗ ಅದರೊಳಗಿಂದ ಇನ್ನೊಬ್ಬರ ಕಾಗದಗಳು ಹೊರಗೆ ಬಂದವು: ಆ ಡ್ರೈವರ್ ಅವರ ಮರಣ ಪ್ರಮಾಣಪತ್ರ, ಅವರ ಹೆಂಡತಿ ಕುಟುಂಬ ಪಿಂಚಣಿಗೆ ಹಾಕಿದ್ದ ಅರ್ಜಿ. ಆ ಕಾಗದಗಳು ಅಪ್ಪನ ಕಡತದಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಆ ಅಮ್ಮನಿಗೆ ಐದು ತಿಂಗಳು ಒಂದು ರೂಪಾಯಿ ಬಂದಿರಲಿಲ್ಲ. ನಮಗೆ ಕೇಳೋಕೆ ಗೊತ್ತಿತ್ತು, ಓಡಾಡೋಕೆ ಸ್ಕೂಟರ್ ಇತ್ತು. ಅವರಿಗೆ ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ.

ಕಾಗದ ಸರಿಯಾದ ಕಡತಕ್ಕೆ ಸೇರಿದ ದಿನ ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವರ ಮನೆಗೆ ಹೋದರು. ಬಾಗಿಲು ತೆಗೆದ ಆ ಅಮ್ಮನಿಗೆ ಅಪ್ಪ ತಮ್ಮ ಹೆಸರು ಹೇಳಿದರು. ಅವರು ಒಂದು ಗಳಿಗೆ ಅಪ್ಪನನ್ನೇ ನೋಡುತ್ತಾ ನಿಂತಿದ್ದು, "ಓವರ್‌ಸಿಯರ್ ಸಾಹೇಬ್ರಾ? ಬನ್ನಿ ಒಳಗೆ" ಅಂದರು.